ಮೂರನೇ ಸಾಲಿನ ಬಾಗಿಲುಗಳು

ಮಳೆಗಾಲದಲ್ಲಿ ಬಾಗಿಲು ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಮೂವತ್ತು ವರ್ಷದಿಂದ ಬಡಗಿ ಕೆಲಸ ಮಾಡಿಕೊಂಡು ಬಂದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಆ ವರ್ಷ, ಮೂರು ತಿಂಗಳಿಂದ ಒಂದು ಹನಿ ಮಳೆಯಿಲ್ಲದೆ ಬೀದಿಯ ಧೂಳು ಹಿಟ್ಟಿನಷ್ಟು ನುಣ್ಣಗಾಗಿದ್ದ ದಿನಗಳಲ್ಲಿ, ಒಂದೇ ವಾರದಲ್ಲಿ ಏಳು ಜನ ಬಂದು "ಬಾಗಿಲು ಹಿಡ್ಕೊಳ್ತಿದೆ, ಸ್ವಲ್ಪ ಕೀಸಿಕೊಡಿ" ಎಂದಾಗ ಬಾಗಿಲಕ್ಕನ ಮನಸ್ಸಿಗೆ ಅದು ಯಾಕೋ ಒಗ್ಗಲಿಲ್ಲ.

ಬಾಗಿಲಕ್ಕ ಎನ್ನುವುದು ಊರು ಇಟ್ಟ ಹೆಸರು. ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಎಲ್ಲೋ ಉಳಿದುಕೊಂಡಿತ್ತು, ಅಷ್ಟೆ. ಅಪ್ಪ ಬಡಗಿ. ಅಪ್ಪನ ಉಳಿ, ಗರಗಸ, ಕೀಸುಳಿ ಎಲ್ಲ ಮಗನ ಕೈಗೆ ಹೋಗಬೇಕಿತ್ತು. ಮಗನಿಗೆ ಮರ ಕಂಡರೆ ಸೀನು ಬರುತ್ತಿತ್ತು. ಅವನು ನಗರಸಭೆಯ ನೀರಿನ ತೊಟ್ಟಿಯಲ್ಲಿ ವಾಲ್ವ್ ತಿರುಗಿಸುವ ಕೆಲಸ ಹಿಡಿದು ನೀರುಗಂಟಿಯಾದ. ಉಳಿಗಳು ಮಗಳ ಕೈ ಸೇರಿದವು. ಮಂಚ, ಬೀರು, ಮೇಜು ಎಲ್ಲ ಮಾಡಿದಳಾದರೂ ಅವಳ ಕೈ ಪಳಗಿದ್ದು ಬಾಗಿಲಿಗೆ. ಅವಳು ಕೂರಿಸಿದ ಬಾಗಿಲನ್ನು ಕಿರುಬೆರಳಿನಲ್ಲಿ ತಳ್ಳಿದರೂ ಸದ್ದಿಲ್ಲದೆ ಹೋಗಿ ಚೌಕಟ್ಟಿನೊಳಗೆ ಕೂತುಬಿಡುತ್ತಿತ್ತು, ಮಡಿಲಿಗೆ ಬಂದು ಮಲಗಿದ ಮಗುವಿನ ಹಾಗೆ. ಮರದ ಅಂಗಡಿಯ ಹಿಂದೆಯೇ ಮನೆ. ಅವಳು, ತಮ್ಮ, ತಮ್ಮನ ಹೆಂಡತಿ, ಅವರ ಎಂಟು ವರ್ಷದ ಮಗಳು, ಎಲ್ಲ ಒಂದೇ ಸೂರಿನಡಿ.

ಬಂದ ಏಳು ಜನರೂ ಮೂರನೇ ಸಾಲಿನವರು. ಊರಿನ ನಡುವಿನ ಗುಡ್ಡದ ಒಂದು ಮಗ್ಗುಲಿಗೆ ಮೂರು ಸಾಲು ಮನೆಗಳಿದ್ದವು, ಒಂದರ ತಲೆಯ ಮೇಲೊಂದು; ನಡುವೆ ಕಲ್ಲಿನ ಮೆಟ್ಟಿಲು. ಕೆಳಗಿನ ಎರಡು ಸಾಲುಗಳನ್ನು ಹೋದ ವರ್ಷವೇ ಖಾಲಿ ಮಾಡಿಸಿ, ಗುಡ್ಡದ ಬುಡವನ್ನು ಯಂತ್ರದಿಂದ ಕಡಿದು, ಬಸ್ ನಿಲ್ದಾಣ ಅಗಲ ಮಾಡಲು ಜಾಗ ಬಿಡಿಸಿಕೊಂಡಿದ್ದರು. ಉಳಿದದ್ದು ಮೂರನೆಯದೊಂದೇ, ಮೂವತ್ತನಾಲ್ಕು ಮನೆ. ಅದಕ್ಕೂ ಮೇಲೆ, ಗುಡ್ಡದ ನೆತ್ತಿಯಲ್ಲಿ, ಅವಳ ತಮ್ಮ ಕಾಯುವ ದುಂಡನೆಯ ನೀರಿನ ತೊಟ್ಟಿ.

ಮೊದಲು ಹೋದದ್ದು ಮೇಷ್ಟ್ರ ಮನೆಗೆ. ಮೇಷ್ಟ್ರು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗದೆ, ಗೋಡೆ ತುಂಬ ನಕಾಶೆಗಳನ್ನು ತೂಗುಹಾಕಿಕೊಂಡು ಬದುಕುತ್ತಿದ್ದರು. ಹಾಲಿನವನಿಗೂ ಗಾಳಿಯ ದಿಕ್ಕು ವಿವರಿಸದೆ ಬಿಡುತ್ತಿರಲಿಲ್ಲ.

"ನೋಡಮ್ಮ, ಇದು ಮರದ ಸ್ವಭಾವ. ವಾತಾವರಣದ ತೇವಾಂಶ ಹೀರಿ ಹಿಗ್ಗಿದೆ," ಎಂದರು.

"ತೇವ ಎಲ್ಲಿದೆ ಮೇಷ್ಟ್ರೇ? ನಿಮ್ಮ ಗಂಟಲೇ ಒಣಗಿ ಕೂತಿದೆ."

ಬಾಗಿಲಿನ ಮೇಲಿನ ಮೂಲೆ ಚೌಕಟ್ಟಿಗೆ ಉಜ್ಜುತ್ತಿತ್ತು. ಕೀಸುಳಿ ಹಿಡಿದು ನಾಲ್ಕು ಎಳೆತ ಎಳೆದಳು. ಸುರುಳಿ ಸುರುಳಿಯಾಗಿ ಸಿಪ್ಪೆ ಬಿತ್ತು, ಬಾಗಿಲು ಕೂತಿತು, ಮೇಷ್ಟ್ರು ಹಿಗ್ಗಿದರು. ಒಂಬತ್ತು ದಿನಕ್ಕೆ ಸರಿಯಾಗಿ ಅವರೇ ಅಂಗಡಿಗೆ ಇಳಿದು ಬಂದರು. "ಮತ್ತೆ ಹಿಡ್ಕೊಳ್ತಿದೆಯಮ್ಮ." ಹೋಗಿ ನೋಡಿದರೆ ಅದೇ ಬಾಗಿಲು, ಅದೇ ಮೂಲೆ.

ಅಷ್ಟರಲ್ಲಿ ಅವಳು ಆ ಸಾಲಿನ ಹದಿನೈದು ಮನೆಗಳ ಬಾಗಿಲು ನೋಡಿ ಮುಗಿಸಿದ್ದಳು. ದರ್ಜಿಯ ಮನೆಯಲ್ಲಿ ಹೊಸ ಬಾಗಿಲು, ಅಂಚೆಯವನ ಮನೆಯಲ್ಲಿ ಅಜ್ಜನ ಕಾಲದ್ದು, ನರ್ಸಮ್ಮನ ಮನೆಯಲ್ಲಿ ಮರವೇ ಅಲ್ಲದ ಪ್ಲೈವುಡ್ ಹಲಗೆ. ಮರ ಬೇರೆ, ವಯಸ್ಸು ಬೇರೆ, ಮಾಡಿದ ಕೈ ಬೇರೆ. ಆದರೆ ಎಲ್ಲವೂ ಒಂದೇ ಮೂಲೆಯಲ್ಲಿ ತಡೆಯುತ್ತಿದ್ದವು. ಮೂವತ್ತು ವರ್ಷದಲ್ಲಿ ಬಾಗಿಲುಗಳು ಹೀಗೆ ಮಾತಾಡಿಕೊಂಡ ಹಾಗೆ ಒಟ್ಟಿಗೆ ಹಠ ಹಿಡಿದದ್ದನ್ನು ಅವಳು ಕಂಡಿರಲಿಲ್ಲ.

ಈ ಸಲ ಮೇಷ್ಟ್ರ ಮನೆಯಲ್ಲಿ ಅವಳು ಕೀಸುಳಿ ಹೊರಗೆ ತೆಗೆಯಲಿಲ್ಲ. ಚೀಲದಿಂದ ತೂಕದ ಗುಂಡು ತೆಗೆದು, ದಾರದ ತುದಿಯನ್ನು ಚೌಕಟ್ಟಿನ ನೆತ್ತಿಗೆ ಒತ್ತಿ ಹಿಡಿದು ಗುಂಡನ್ನು ಕೆಳಕ್ಕೆ ಬಿಟ್ಟಳು. ಗುಂಡು ಓಲಾಡಿ, ಓಲಾಡಿ, ನಿಂತಿತು. ದಾರಕ್ಕೂ ಚೌಕಟ್ಟಿಗೂ ನಡುವೆ, ಹೊಸ್ತಿಲ ಹತ್ತಿರ, ಎರಡು ಬೆರಳಿನ ಅಂತರ.

"ಮೇಷ್ಟ್ರೇ, ಮರದ್ದೇನೂ ತಪ್ಪಿಲ್ಲ. ಬಾಗಿಲು ನೆಟ್ಟಗೇ ಇದೆ. ನಿಮ್ಮ ಮನೆ ವಾಲಿದೆ."

ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ ತಾವೇ ಬಗ್ಗಿ ನೋಡಿದರು. ಒಳಕೋಣೆಯ ಬಾಗಿಲಿಗೂ ಗುಂಡು ಬಿಡಿಸಿದರು, ಅಡುಗೆಮನೆಗೂ ಬಿಡಿಸಿದರು. ಎಲ್ಲ ಕಡೆಯೂ ಮನೆ ಬಸ್ ನಿಲ್ದಾಣದ ಕಡೆಗೆ, ಯಾರೋ ಕರೆದರೆಂದು ತಿರುಗಿದ ಹಾಗೆ, ಎರಡು ಬೆರಳು ವಾಲಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಹುಡುಗರ ಮುಂದೆ ನಿಂತಾಗಿನ ದನಿಯಲ್ಲಿ ಹೇಳತೊಡಗಿದರು.

"ಪ್ರಕೃತಿ ವಿಕೋಪಗಳು, ಕಾರಣಗಳು ಮತ್ತು ಪರಿಣಾಮಗಳು. ಎಂಟನೇ ಪಾಠ. ಭೂಕುಸಿತಕ್ಕೆ ಕಾರಣಗಳೇನು, ಐದು ಅಂಕ. ಒಂದು, ಇಳಿಜಾರಿನ ಬುಡ ಕಡಿಯುವುದು. ಎರಡು, ಮಣ್ಣಿನ ಪದರಗಳ ನಡುವೆ ನೀರು ಸೇರುವುದು..." ಅಲ್ಲಿಗೇ ನಿಲ್ಲಿಸಿದರು. "ಒಂದನೇದನ್ನ ಹೋದ ವರ್ಷ ನಮ್ಮ ಕಣ್ಣೆದುರೇ ಮಾಡಿದ್ರು. ಆದ್ರೆ ಎರಡನೇದು ಇಲ್ವಲ್ಲ? ಮಳೆಯೇ ಇಲ್ಲ. ನೀರೆಲ್ಲಿಂದ ಬರಬೇಕು?"

"ನನ್ನ ಕೇಳಿದ್ರೆ? ಪಾಠ ಮಾಡಿದೋರು ನೀವು."

"ಮೂವತ್ತಾರು ವರ್ಷ ಮಾಡಿದೆ. ದೂರದ ದೇಶಗಳ ಉದಾಹರಣೆ ಕೊಟ್ಟು ಮಾಡಿದೆ," ಎಂದು ಮೇಷ್ಟ್ರು ತಮ್ಮ ಕಾಲಡಿಯ ನೆಲವನ್ನು ನೋಡಿದರು.

ಬಿಸಿಲು ಇಳಿಯುವ ತನಕ ಇರು ಎಂದು ಅವರು ಒತ್ತಾಯ ಮಾಡಿದ್ದರಿಂದ ಬಾಗಿಲಕ್ಕ ಜಗಲಿಯ ತಣ್ಣನೆಯ ನೆಲದ ಮೇಲೆ, ಕೈಯನ್ನೇ ದಿಂಬು ಮಾಡಿಕೊಂಡು ಒರಗಿದಳು. ಬೂರುಗದ ಹತ್ತಿಯ ಎಳೆಗಳು ಬೀದಿಯ ತುಂಬ ತೇಲುತ್ತಿದ್ದವು. ಯಾವಾಗ ಕಣ್ಣು ಹತ್ತಿತೋ. ಕನಸಿನಲ್ಲಿ ಅವಳು ಚಿಕ್ಕವಳು; ಅಪ್ಪನ ಅಂಗಡಿಯಲ್ಲಿ ಮರದ ಸಿಪ್ಪೆಯ ರಾಶಿಯ ಮೇಲೆ ಮಲಗಿದ್ದಾಳೆ. ರಾಶಿಯ ಕೆಳಗೆ ಇನ್ನೂ ಯಾರೋ ಮಲಗಿದ್ದಾರೆ. ತುಂಬ ದೊಡ್ಡವರು, ತುಂಬ ದಣಿದವರು. ಅವರ ಬೆನ್ನ ಕೆಳಗೆ ಯಾರೋ ನೀರು ಚೆಲ್ಲಿದ್ದಾರೆ. ಒದ್ದೆಯಾದ ಮಗ್ಗುಲು ತಡೆಯದೆ ಅವರು ನಿದ್ದೆಯಲ್ಲೇ ಮೆಲ್ಲಗೆ, ಮೆಲ್ಲಗೆ ಹೊರಳುತ್ತಿದ್ದಾರೆ. ಅವರ ಜೊತೆ ಸಿಪ್ಪೆಯ ರಾಶಿಯೂ, ಅವಳೂ, ಅಪ್ಪನ ಅಂಗಡಿಯೂ ಜಾರುತ್ತಿವೆ. ಭಯವಾಗುತ್ತಿಲ್ಲ. ಅದೇ ಭಯ.

ಎಚ್ಚರವಾದಾಗ ಕಿವಿ ನೆಲಕ್ಕೆ ಅಂಟಿತ್ತು. ಗೋಡೆಯೊಳಗೆ ಎಲ್ಲೋ ಗೆದ್ದಲು ಕೆರೆದಂಥ ಸಣ್ಣ ಸದ್ದು ಬಂತು, ನಿಂತಿತು, ಮತ್ತೆ ಬಂತು. ಮೇಷ್ಟ್ರು ಎದುರಿಗೆ ಕೂತು ಹಳೆಯ ಕಿಟಕಿಯ ಗಾಜೊಂದನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸುತ್ತಿದ್ದರು.

"ಈ ಸಾಲಿನ ಗೋಡೆಗಳಲ್ಲಿ ಬಿಟ್ಟಿರೋ ಬಿರುಕುಗಳ ಎರಡೂ ದಡಕ್ಕೆ ಸೇರಿಸಿ ಗಾಜು ಅಂಟಿಸ್ತೀನಿ," ಎಂದರು. "ಗೋಡೆಗೆ ನಾಚಿಕೆ, ಅಲುಗಾಡಿದ್ರೂ ಹೇಳಲ್ಲ. ಗಾಜು ಬಾಯಿಬಡುಕ. ಒಂದು ಕೂದಲೆಳೆ ಸರಿದ್ರೂ ಒಡೆದು ಹೇಳುತ್ತೆ."

ಅವಳು ಮೆಟ್ಟಿಲಿಳಿದು ಬಂದಳು. ಗುಡ್ಡದ ಬುಡದಲ್ಲಿ, ಯಂತ್ರ ಕಡಿದು ಬಿಟ್ಟ ಕೆಂಪು ಮಣ್ಣಿನ ಗೋಡೆ ಎರಡಾಳೆತ್ತರ ನಿಂತಿತ್ತು. ಅದರ ನೆರಳಿನಲ್ಲಿ ಒಂದು ತಗಡಿನ ಶೆಡ್ಡು. ಕಬ್ಬಿಣ, ಸಿಮೆಂಟು ಕಾಯುವ ಕಾವಲುಗಾರ ಅದರಲ್ಲಿದ್ದ; ರಾತ್ರಿಯಿಡೀ ಎದ್ದಿದ್ದು ಹಗಲು ಮಲಗುವವನು. ಅಂದು ಎದ್ದು, ಗೋಡೆಯ ಬುಡಕ್ಕೆ ತಗಡಿನ ಚೂರೊಂದನ್ನು ಸಿಕ್ಕಿಸಿ, ಅದರ ತುದಿಯಿಂದ ಬೀಳುವ ನೀರಿಗೆ ಕೊಡ ಹಿಡಿದಿದ್ದ. ಹೆಬ್ಬೆರಳು ದಪ್ಪದ, ಕನ್ನಡಿಯಂಥ ನೀರು.

"ಊರಿಗೆಲ್ಲ ಬರ, ನನಗೆ ಮಾತ್ರ ಊಟೆ ಹುಟ್ಟಿದೆ ನೋಡಿ ಅಕ್ಕ," ಎಂದು ಅವನು ಮುಖ ತುಂಬ ನಕ್ಕ. "ಹದಿನೈದು ದಿನ ಆಯ್ತು. ದಿನಾ ಜಾಸ್ತಿ ಆಗ್ತಾ ಇದೆ. ಕುಡೀರಿ, ಕುಡೀರಿ."

ಲೋಟ ತೊಳೆದು ತುಂಬಿಸಿಕೊಟ್ಟ. ಬಾಯಾರಿತ್ತು, ಕುಡಿದಳು. ಎರಡನೇ ಗುಟುಕಿಗೆ ನಾಲಿಗೆ ತಡೆಯಿತು. ಆ ರುಚಿ ಅವಳಿಗೆ ಗೊತ್ತಿತ್ತು. ತಮ್ಮ ದಿನವೂ ಅಂಗಿಯಲ್ಲಿ ಹೊತ್ತು ತರುತ್ತಿದ್ದ ವಾಸನೆ ಅದು, ತೊಟ್ಟಿಯ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯದು.

"ಹೇಗಿದೆ ಅಕ್ಕ?"

"ಚೆನ್ನಾಗಿದೆ," ಎಂದಳು. ಲೋಟ ವಾಪಸು ಕೊಟ್ಟು ಬಿರಬಿರನೆ ನಡೆದಳು. ಅವನಿಗೆ ಅದೊಂದೇ ಮಾತು ಹೇಳಿದ್ದೆ ಎಂಬುದು ಮುಂದೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ಸಂಜೆ ತಮ್ಮ ಊಟಕ್ಕೆ ಕೂತಾಗ ಸುತ್ತುಬಳಸದೆ ಕೇಳಿದಳು. "ನಿನ್ನ ತೊಟ್ಟಿ ಸೋರ್ತಿದೆಯೇನೋ?"

ಅವನ ಕೈ ತಟ್ಟೆಯಲ್ಲೇ ನಿಂತಿತು. ಮಗಳು ಅಪ್ಪನ ಮುಖ, ಅತ್ತೆಯ ಮುಖ ನೋಡಿದಳು. ತಮ್ಮನ ಹೆಂಡತಿ ಮಗಳನ್ನು ಹೊರಗೆ ಆಡಲು ಕಳಿಸಿ, ಬಂದು ಬಾಗಿಲಿಗೊರಗಿ ನಿಂತಳು. "ಹೇಳಿಬಿಡಿ. ಅತ್ತಿಗೆ ಹತ್ರ ಮುಚ್ಚಿಡೋದೇನಿದೆ? ನಿದ್ದೇಲೂ ಅದನ್ನೇ ಬಡಬಡಿಸ್ತೀರಿ."

"ತಳ ಬಿರುಕು ಬಿಟ್ಟು ಎರಡು ವರ್ಷ ಆಯ್ತಕ್ಕ," ಎಂದ ಅವನು, ತಟ್ಟೆಗೆ ಹೇಳುವವನ ಹಾಗೆ. "ಸಂಜೆ ತುಂಬಿಸಿದ್ರೆ ಬೆಳಿಗ್ಗೆ ನಾಲ್ಕು ಬೆರಳು ಇಳಿದಿರ್ತಿತ್ತು. ಈಗ ಒಂದು ಮೊಳ. ನಗರಸಭೆ ಸಾಹೇಬರಿಗೆ ಮೂರು ಸಲ ಹೇಳಿದೆ. ಹೊಸ ತೊಟ್ಟಿ ಮಂಜೂರಾಗಿದೆ, ಅಲ್ಲೀತನಕ ಬಾಯಿಗೆ ಬೀಗ ಹಾಕ್ಕೊಂಡಿರು ಅಂದ್ರು. ನಾನೂ ಅಂದ್ಕೊಂಡೆ... ನೀರು ತಾನೆ. ಮಣ್ಣಿಗೆ ತಾನೆ ಹೋಗ್ತಿರೋದು. ಯಾರಿಗೆ ಏನು ತೊಂದರೆ?"

"ಗುಡ್ಡದ ಹೊಟ್ಟೆಗೆ ಹೋಗ್ತಿದೆಯೋ. ಎರಡು ವರ್ಷದಿಂದ ಕುಡಿಸ್ತಾ ಇದ್ದೀಯ."

ಅವನು ಊಟ ಬಿಟ್ಟೆದ್ದ. ಅವಳಿಗೆ ಬಯ್ಯಬೇಕೆನಿಸಿತು, ಬಯ್ಯಲಾಗಲಿಲ್ಲ. ಚಿಕ್ಕಂದಿನಲ್ಲಿ ಏನಾದರೂ ಒಡೆದಾಗ ಬಾವಿಕಟ್ಟೆಯ ಹಿಂದೆ ಹೋಗಿ ನಿಲ್ಲುತ್ತಿದ್ದ ಹುಡುಗನದೇ ಬೆನ್ನು ಅದು.

ಮಾರನೆಯ ದಿನ ಅವಳು ಮತ್ತು ಮೇಷ್ಟ್ರು ನಗರಸಭೆಯ ಕಚೇರಿಗೆ ಹೋದರು. ಸಾಹೇಬರು ಮೇಷ್ಟ್ರ ಹಳೆಯ ವಿದ್ಯಾರ್ಥಿ; ಎದ್ದು ನಿಂತು ಕುರ್ಚಿ ಕೊಟ್ಟರು. ಮಾತು ಮುಗಿಯುವವರೆಗೂ ತಲೆಯಾಡಿಸಿದರು. ಆಮೇಲೆ ಬಾಗಿಲಕ್ಕನ ಕಡೆ ತಿರುಗಿದರು.

"ಬಾಗಿಲು ಹಿಡ್ಕೊಂಡ್ರೆ ಗುಡ್ಡ ಬೀಳುತ್ತೇನಮ್ಮ? ಹಾಗಾದ್ರೆ ನಮ್ಮನೆ ಬೀರು ಹಿಡ್ಕೊಳ್ಳುತ್ತೆ, ಊರೇ ಮುಳುಗಬೇಕಲ್ಲ?"

"ನಿಮ್ಮ ಬೀರು ಒಂದೇ ಸಾರ್. ಇಲ್ಲಿ ನಾನು ನೋಡಿದ ಹದಿನೈದೂ ಒಂದೇ ಕಡೆಗೆ."

"ಅರ್ಜಿ ಕೊಡಿ, ತಜ್ಞರಿಗೆ ಬರೀತೀವಿ. ಬರೋಕೆ ಎರಡು ತಿಂಗಳಾಗುತ್ತೆ. ಅಲ್ಲೀತನಕ ಜನರನ್ನ ಸುಮ್ಮನೆ ಗಾಬರಿ ಮಾಡಬೇಡಿ." ಮೇಷ್ಟ್ರಿಗೆ ಮತ್ತೆ ನಮಸ್ಕಾರ ಮಾಡಿ ಕಡತದೊಳಗೆ ಮುಖ ಹುದುಗಿಸಿದರು.

ಮೆಟ್ಟಿಲಿಳಿಯುವಾಗ ಮೇಷ್ಟ್ರು, "ಎಂಟನೇ ಪಾಠದ ದಿನ ಅವನು ಗೈರುಹಾಜರಿದ್ದ ಅಂತ ಕಾಣುತ್ತೆ," ಎಂದರು.

ಭಾನುವಾರ ಮಧ್ಯಾಹ್ನ ಮೂರನೇ ಸಾಲಿನಲ್ಲಿ, ಮೇಷ್ಟ್ರು ಮನೆ ಮನೆಯ ಬಿರುಕಿಗೆ ಅಂಟಿಸಿದ್ದ ಗಾಜುಗಳಲ್ಲಿ ಮೊದಲನೆಯದು ಒಡೆಯಿತು. ಅಂಚೆಯವನ ಮನೆಯಲ್ಲಿ, 'ಟಿಣ್' ಎಂದು, ಯಾರೋ ಲೋಟಕ್ಕೆ ಚಮಚ ತಾಗಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ನರ್ಸಮ್ಮನ ಮನೆಯಲ್ಲಿ. ಆಮೇಲೆ ಸಾಲಿನ ಉದ್ದಕ್ಕೂ, ಒಂದು ಮನೆ ಬಿಟ್ಟು ಒಂದು ಮನೆ, ಸಂಜೆಯವರೆಗೆ ಹನ್ನೊಂದು ಕಡೆ. ಬಾಗಿಲಕ್ಕ ಬೀದಿಯ ನಡುವೆ ನಿಂತು ಕೇಳಿಸಿಕೊಂಡಳು. ಗಾಳಿ ಇರಲಿಲ್ಲ. ಹತ್ತಿಯ ಎಳೆಗಳು ನಿಂತಲ್ಲೇ ನಿಂತಿದ್ದವು. ಇಷ್ಟು ಇಂಪಾದ ಸದ್ದಿಗೆ ಇಷ್ಟು ಕೆಟ್ಟ ಅರ್ಥ ಇರಬಹುದೆಂದು ಯಾರಿಗೆ ತೋರೀತು? ಜನ ಹೊರಗೆ ಬಂದು, "ಮೇಷ್ಟ್ರ ಗಾಜು ಕಳಪೆ," ಎಂದು ನಕ್ಕು ಒಳಗೆ ಹೋದರು.

ಅವಳಿಗೆ ಒಂದು ವಿಷಯ ಗೊತ್ತಿತ್ತು. ಮನೆ ವಾಲಿದಾಗ ಚೌಕಟ್ಟು ಸೊಟ್ಟಗಾಗುತ್ತದೆ. ಇನ್ನೂ ನಾಲ್ಕು ಬೆರಳು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಂಡುಬಿಡುತ್ತದೆ. ಆಗ ಒಳಗಿದ್ದವರು ಒಳಗೇ. ಹೊರಗಿನಿಂದ ಹತ್ತು ಜನ ಒದ್ದರೂ ತೆಗೆಯದು. ರಾತ್ರಿಯಿಡೀ ಯೋಚಿಸಿ, ಬೆಳಗಾಗುವ ಹೊತ್ತಿಗೆ ಅವಳು ಒಂದು ಸುಳ್ಳನ್ನು ಸಿದ್ಧಮಾಡಿಕೊಂಡಿದ್ದಳು. ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದ ಹೆಂಗಸು, ಆ ಸೋಮವಾರ ಸ್ಕ್ರೂಡ್ರೈವರ್ ಹಿಡಿದು ಮೊದಲ ಮನೆಯ ಮುಂದೆ ನಿಂತು ಹೇಳಿದಳು:

"ಇಡೀ ಸಾಲಿಗೆ ಒಂದೇ ಸಲ ಶಾಶ್ವತವಾಗಿ ಸರಿ ಮಾಡಿಕೊಡ್ತೀನಿ. ಬಾಗಿಲು ಬಿಚ್ಕೊಂಡು ಹೋಗ್ಬೇಕು. ಮೂರು ದಿನ."

ಹೇಗೂ ಎಲ್ಲರೂ ಬಾಗಿಲಿನ ಕಾಟದಿಂದ ರೋಸಿಹೋಗಿದ್ದರು. ಬಾಗಿಲಕ್ಕ ಹೇಳಿದ ಮೇಲೆ ಇನ್ನೇನು ಎಂದು ಬಹಳಷ್ಟು ಮನೆಯವರು ಒಪ್ಪಿದರು. ಮೇಷ್ಟ್ರು ಎಲ್ಲರಿಗಿಂತ ಮೊದಲು ತಮ್ಮದನ್ನು ಬಿಚ್ಚಿಸಿ, ಹೈಸ್ಕೂಲಿನ ದೊಡ್ಡ ಕೋಣೆಯ ಬೀಗದಕೈ ತರಿಸಿ, "ಬಾಗಿಲಿಲ್ಲದ ಮನೇಲಿ ಮಲಗೋಕಾಗದವರು ನನ್ನ ಜೊತೆ ಬನ್ನಿ," ಎಂದು ಸಾರಿದರು. ಶಾಲೆ ರಸ್ತೆಯ ಆಚೆ, ಸಮತಟ್ಟಾದ ಬಯಲಿನಲ್ಲಿತ್ತು. ಕೀಲು ಬಿಚ್ಚಿದ ಬಾಗಿಲುಗಳನ್ನು ಜನರೇ ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದರು. ಮೇಲಿನಿಂದ ನೋಡಿದರೆ ಬಾಗಿಲುಗಳೇ ಸಾಲುಗಟ್ಟಿ, ತಮಗೆ ತಾವೇ ಗುಡ್ಡ ಬಿಟ್ಟು ಹೊರಟಂತೆ ಕಾಣುತ್ತಿತ್ತು.

ದರ್ಜಿಯ ಅತ್ತೆ ಮಾತ್ರ ಹೊಸ್ತಿಲ ಮೇಲೆ ಕೂತವಳು ಕದಲಲಿಲ್ಲ.

"ಬಾಗಿಲಿಲ್ಲದ ಮನೇಲಿ ಹೆಂಗಸರು ಇರೋದು ಹೇಗಮ್ಮ?"

"ಇರೋದು ಬೇಡ ಅಂತಲೇ ತೆಗೀತಿರೋದು," ಎಂದು ಬಾಗಿಲಕ್ಕ ಬಾಯಿ ಜಾರಿದಳು.

ಮುದುಕಿ ಅವಳನ್ನೇ ನೋಡಿದಳು. ಕಿವಿ ಮಂದ, ಕಣ್ಣು ಚುರುಕು. "ಗುಡ್ಡಾನಾ?" ಎಂದಳು ತಗ್ಗಿದ ದನಿಯಲ್ಲಿ.

ಬಾಗಿಲಕ್ಕ ತಲೆಯಾಡಿಸಿದಳು.

"ಮೊದಲೇ ಹೇಳಬಾರದಿತ್ತಾ? ನಂಗೂ ಹಾಸಿಗೇಲಿ ಜಾರಿದಂಗೆ ಆಗ್ತಿತ್ತು. ವಯಸ್ಸಾಯ್ತು, ತಲೆ ತಿರುಗು ಅಂತ ಅಳಿಯ ಮಾತ್ರೆ ತಂದುಕೊಟ್ಟ." ಗೋಡೆ ಹಿಡಿದು ಎದ್ದು, "ಬಿಚ್ಚು ಬಿಚ್ಚು," ಎಂದು ದಾರಿ ಬಿಟ್ಟಳು. ಆಮೇಲೆ ಅವಳೇ ಮನೆ ಮನೆಗೆ ಹೋಗಿ ಏನು ಹೇಳಿದಳೋ, ಒಪ್ಪದೆ ಉಳಿದಿದ್ದ ಆರು ಮನೆಯವರೂ ಒಪ್ಪಿದರು.

ಅದೇ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ತಮ್ಮ ಯಾರ ಅಪ್ಪಣೆಯನ್ನೂ ಕೇಳದೆ ತೊಟ್ಟಿಯ ತಳದ ವಾಲ್ವ್ ತಿರುಗಿಸಿದ. ನೀರೆಲ್ಲ ಗುಡ್ಡದ ಆಚೆ ಮಗ್ಗುಲ ಕಲ್ಲು ಚರಂಡಿಯಲ್ಲಿ ಹರಿದುಹೋಯಿತು. ಮಂಗಳವಾರ ಅರ್ಧ ಊರಿನ ನಲ್ಲಿಗಳು ಒಣಗಿದವು. ಸಾಹೇಬರು ಜೀಪಿನಲ್ಲಿ ಬಂದು ಎಗರಾಡಿದರು. "ನಿನ್ನ ಮನೆ ಆಸ್ತಿ ಅಂದ್ಕೊಂಡಿದ್ದೀಯ? ಈಗಲೇ ತುಂಬಿಸು!" ತಮ್ಮ ವಾಲ್ವ್ ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದನಂತೆ. ಕೊಡಲಿಲ್ಲ. ಜೀವನದಲ್ಲಿ ಮೊದಲ ಸಲ ಸಾಹೇಬರಿಗೆ ಆಗಲ್ಲ ಎಂದು ಹೇಳಿದ್ದು ಅಂದೇ.

ಮಂಗಳವಾರ ಸಂಜೆ ಬಾಗಿಲಕ್ಕ ಕೊನೆಯ ಸಲ ಮೂರನೇ ಸಾಲಿನ ಉದ್ದಕ್ಕೂ ನಡೆದಳು. ಮೂವತ್ತನಾಲ್ಕು ಮನೆಗಳೂ ತೆರೆದ ಬಾಯಿಯಾಗಿದ್ದವು. ಬೀದಿಯಲ್ಲಿ ನಿಂತರೆ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿನ ಬಿಸಿಲು ಕಾಣುತ್ತಿತ್ತು. ಹತ್ತಿಯ ಎಳೆಗಳು ಯಾರನ್ನೂ ಕೇಳದೆ ಒಳಗೆ ಹೋಗಿ, ಖಾಲಿ ಮಂಚಗಳ ಮೇಲೆ ಸ್ವಲ್ಪ ಹೊತ್ತು ಕೂತು, ಆಚೆ ಕಡೆಯಿಂದ ಹೊರಟುಹೋಗುತ್ತಿದ್ದವು. ಎಲ್ಲಿಯೂ ಏನೂ ಉಜ್ಜುತ್ತಿರಲಿಲ್ಲ. ಇಷ್ಟು ಹಗುರವಾದ ಬೀದಿಯನ್ನು ಅವಳು ಎಂದೂ ಕಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಶಾಲೆಯ ಅಂಗಳದಲ್ಲಿ, ಗೋಡೆಗೊರಗಿಸಿದ ಬಾಗಿಲುಗಳ ನೆರಳಿನಲ್ಲಿ ಜನ ಕೂತಿದ್ದರು. ಕೆಲವರು ಗೊಣಗುತ್ತಿದ್ದರು, ಇಂದೇ ವಾಪಸು ಹೋಗುತ್ತೇವೆ ಎಂದು. ಬಾಗಿಲಕ್ಕ ತಲೆಯೆತ್ತಿ ನೋಡಿದಾಗ ಮೂರನೇ ಸಾಲು ನಡೆಯುತ್ತಿತ್ತು.

ಬೀಳುತ್ತಿರಲಿಲ್ಲ, ನಡೆಯುತ್ತಿತ್ತು. ಮನೆಗಳು, ಬೂರುಗದ ಮರ, ವಿದ್ಯುತ್ ಕಂಬ, ತಂತಿಯ ಮೇಲೆ ಯಾರೋ ಮರೆತ ನೀಲಿ ಸೀರೆ, ಎಲ್ಲ ನೆಟ್ಟಗೆ ನಿಂತುಕೊಂಡೇ ಒಟ್ಟಿಗೆ ಕೆಳಕ್ಕೆ ಬರುತ್ತಿದ್ದವು. ಮೇಜಿನಿಂದ ರೇಷ್ಮೆ ಬಟ್ಟೆ ಜಾರಿದ ಹಾಗೆ. ಸದ್ದೇ ಇರಲಿಲ್ಲ. ಮಕ್ಕಳು ಬೆರಳು ತೋರಿಸಿ ನಕ್ಕರು ಕೂಡ. ಸೀರೆ ಒಮ್ಮೆ ಪಟಪಟ ಬಡಿಯಿತು. ಆಮೇಲೆ ಬುಡದ ಕೆಂಪು ಗೋಡೆ ಹೊಟ್ಟೆ ಉಬ್ಬಿಸಿ ಸೀಳಿತು, ಮನೆಗಳು ಒಂದರ ಹೆಗಲ ಮೇಲೊಂದು ತಲೆಯಿಟ್ಟವು, ಆಗ ಸದ್ದು ಬಂತು. ಕಿವಿಗಲ್ಲ, ಅಂಗಾಲಿಗೆ. ಧೂಳು ಎದ್ದು ಹಗಲನ್ನು ಕಂದುಬಣ್ಣ ಮಾಡಿತು. ಅದು ಇಳಿದಾಗ ಗುಡ್ಡದ ಆ ಮಗ್ಗುಲೇ ಇರಲಿಲ್ಲ.

ಮೇಷ್ಟ್ರು ಕಾಗದ ಹಿಡಿದು ಹಾಜರಿ ಕರೆದರು. ಒಂದನೇ ಮನೆಯಿಂದ ಮೂವತ್ತನಾಲ್ಕನೇ ಮನೆಯವರೆಗೆ, ನೂರಾ ಐವತ್ತೆರಡು ಜನ. ಮುದುಕರು, ಮಕ್ಕಳು, ಎಲ್ಲರೂ ಶಾಲೆಯ ಹುಡುಗರ ಹಾಗೆ ಎದ್ದು ನಿಂತು "ಇದ್ದೀನಿ" ಎಂದರು. ಕೊನೆಯ "ಇದ್ದೀನಿ" ಕೇಳಿದಾಗ ಅಳು ಮತ್ತು ನಗು ಒಟ್ಟಿಗೇ ಹೊರಟವು. ಅಷ್ಟರಲ್ಲಿ ತಮ್ಮ, ಗುಡ್ಡದ ಆಚೆ ಮಗ್ಗುಲಿನಿಂದ ಇಳಿದು, ಮೈಯೆಲ್ಲ ಧೂಳಾಗಿ ಓಡಿಬಂದ. ಜನರನ್ನು ಕಣ್ಣಲ್ಲೇ ಎಣಿಸಿದ. ಕೇಳಿದ:

"ಕೆಳಗಿನ ಕಾವಲುಗಾರ ಎಲ್ಲಿ?"

ಬಾಗಿಲಕ್ಕ ಮಣ್ಣಿನ ರಾಶಿಯ ಕಡೆಗೆ ಓಡಿದಳು.

ಎರಡು ದಿನ ಅಗೆದರು. ಬಾಗಿಲಕ್ಕನೂ ಗುದ್ದಲಿ ಹಿಡಿದಳು. ಅವನು ಮಲಗಿದ್ದಲ್ಲೇ ಸಿಕ್ಕಿದ, ಹೊದ್ದ ಕಂಬಳಿ ಹೊದ್ದ ಹಾಗೇ ಇತ್ತು. ಅವನ ಹೆಂಡತಿ ಎರಡು ಬಸ್ಸು ಬದಲಿಸಿ ದೂರದ ಊರಿನಿಂದ ಬಂದಳು.

"ಅವನ ಶೆಡ್ಡಿಗೆ ಬಾಗಿಲೇ ಇರಲಿಲ್ಲ," ಎಂದಳು ಬಾಗಿಲಕ್ಕ ಆ ರಾತ್ರಿ. "ಗೋಣಿಚೀಲ ಇಳಿಬಿಟ್ಟಿದ್ದ. ಮೂವತ್ತನಾಲ್ಕು ಬಾಗಿಲು ಎಣಿಸಿದೆ ನೋಡು, ಅದಕ್ಕೇ ಅವನು ನನ್ನ ಲೆಕ್ಕಕ್ಕೆ ಬರಲಿಲ್ಲ. ಅವನ ಕೈಯಿಂದ ನೀರು ಕುಡಿದು ಬಂದಿದ್ದೆ."

ತಮ್ಮನ ಹೆಂಡತಿ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

ವಾರ ಕಳೆಯುವುದರೊಳಗೆ ಪತ್ರಿಕೆಗಳಲ್ಲಿ 'ಪ್ರಕೃತಿ ವಿಕೋಪ' ಎಂದು ಬಂತು. ಕಚೇರಿಯ ವರದಿಯಲ್ಲೂ ಅದೇ. ಸಾಹೇಬರು ತಮ್ಮನನ್ನು ಕರೆದು, ಈ ಸಲ ಕೂರಿಸಿ, ಟೀ ತರಿಸಿ, ಒಂದು ಹಾಳೆ ಮುಂದಿಟ್ಟರು. ತೊಟ್ಟಿ ಸುಸ್ಥಿತಿಯಲ್ಲಿತ್ತು, ಭೂಮಿ ಅಲುಗಿದ್ದರಿಂದ ತಳ ಬಿರುಕು ಬಿಟ್ಟಿತು ಎಂದು ಅದರಲ್ಲಿ ಬರೆದಿತ್ತು. ಒಂದು ಸಹಿ ಸಾಕು, ವಾಲ್ವ್ ತೆಗೆದ ವಿಷಯ ಅಲ್ಲಿಗೇ ಮರೆತುಬಿಡೋಣ ಎಂದರು.

ಅವನು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದ. ಮೂರನೆಯ ದಿನ ಅಂಗಡಿಗೆ ಬಂದು, ಸೀನುತ್ತಾ, ಅಕ್ಕನ ಎದುರಿಗೆ ಮರದ ದಿಮ್ಮಿಯ ಮೇಲೆ ಕೂತ.

"ಪ್ರಕೃತಿ ವಿಕೋಪ ಅಂದ್ರೆ ಯಾರೂ ಮಾಡಿಲ್ಲ ಅಂತ ತಾನೆ ಅಕ್ಕ?"

"ಹಾಗೇ ಅಂತ ಕಾಣುತ್ತೆ."

"ಯಾರೂ ಮಾಡದೆ ಇದ್ರೆ ಆ ಮನುಷ್ಯ ಸುಮ್ಮನೆ ಸತ್ತ ಹಾಗಾಯ್ತು." ಜೇಬಿನ ಹಾಳೆಯನ್ನು ಮುಟ್ಟಿ ನೋಡಿಕೊಂಡು, "ನಿಜ ಹೇಳಿದ್ರೆ ಕೆಲಸ ಹೋಗುತ್ತೆ," ಎಂದ.

"ಹೋಗುತ್ತೆ," ಎಂದಳು ಅವಳು.

ಹೋಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಅವಳು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಹೋಗುತ್ತೆ ಎಂದದ್ದಕ್ಕೆ ಅವನ ಹೆಗಲು ಸ್ವಲ್ಪ ಇಳಿಯಿತು.

ಗುಡ್ಡ ಕುಸಿದದ್ದರ ವಿಚಾರಣೆ ನಡೆದದ್ದು ದೊಡ್ಡ ಊರಿನಲ್ಲಿ, ಮೂರು ಗಂಟೆಯ ಬಸ್ ಪ್ರಯಾಣ. ಅವನು ಒಳಗೆ ಹೋದ. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಎರಡು ಗಂಟೆಯ ಮೇಲೆ ಅವನು ಹೊರಬಂದ. ಸಂಜೆ ತುಂಬಿಸಿದಾಗ, ಬೆಳಿಗ್ಗೆ ನೋಡಿದಾಗ ನೀರು ಎಷ್ಟಿತ್ತೆಂದು ಎರಡು ವರ್ಷದಿಂದ ಬರೆದಿಟ್ಟಿದ್ದ ಪುಸ್ತಕವನ್ನು ಅಲ್ಲಿಯೇ ಕೊಟ್ಟು ಬಂದಿದ್ದ. ಗುಡ್ಡದ ಬುಡ ಕಡಿದವರ ಹೆಸರು, ತಾನು ಮೂರು ಸಲ ಹೇಳಿದ್ದು, ಆಮೇಲೆ ತಾನೂ ಸುಮ್ಮನಾದದ್ದು, ಒಂದನ್ನೂ ಬಿಟ್ಟಿರಲಿಲ್ಲ. ಅವನ ಕೆಲಸ ಆ ತಿಂಗಳೇ ಹೋಯಿತು. ಮುಂದೆ ಪಂಪು ರಿಪೇರಿಯ ಅಂಗಡಿಯೊಂದರಲ್ಲಿ ಸೇರಿಕೊಂಡ. ಸಾಹೇಬರನ್ನು ಬೇರೆ ಊರಿಗೆ ಹಾಕಿದರು, ಅಷ್ಟೆ. ಆದರೆ ವರದಿಯಲ್ಲಿ 'ಪ್ರಕೃತಿ ವಿಕೋಪ' ಎಂಬ ಮಾತನ್ನು ಹೊಡೆದುಹಾಕಿ ಕಾರಣಗಳನ್ನು ಒಂದು, ಎರಡು ಎಂದು ಬರೆಯಬೇಕಾಯಿತು. ಕಾವಲುಗಾರನ ಹೆಂಡತಿಗೆ ತಿಂಗಳು ತಿಂಗಳು ಬರಬೇಕಾದದ್ದು ಬರತೊಡಗಿತು. ಇದೆಲ್ಲ ಆಗಲು ಮುಂದೆ ಒಂದು ವರ್ಷ ಹಿಡಿಯಿತು.

ವಿಚಾರಣೆಯ ಆ ದಿನ ಇಬ್ಬರೂ ಊರಿನ ಬಸ್ಸು ಹತ್ತಿದರು. ಬಸ್ಸು ಖಾಲಿಯಿತ್ತು. ಕಿಟಕಿಯಾಚೆ ಹೊಲಗಳು, ಕೆರೆಗಳು, ಗುಡ್ಡಗಳು ಬಿಸಿಲಿನಲ್ಲಿ ತೇಲುತ್ತ ಹಿಂದಕ್ಕೆ ಹೋಗುತ್ತಿದ್ದವು. ಹತ್ತು ನಿಮಿಷದಲ್ಲಿ ತಮ್ಮನ ತಲೆ ಅವಳ ಹೆಗಲಿಗೆ ಬಂದು ಬಿತ್ತು. ಎಷ್ಟೋ ದಿನದ ನಿದ್ದೆ ಅದು. ಬಾಯಿ ತುಸು ತೆರೆದಿತ್ತು, ಉಸಿರು ಮಗುವಿನ ಹಾಗೆ ಏರಿಳಿಯುತ್ತಿತ್ತು. ಅವರ ಊರು ಬಂತು. ಕಂಡಕ್ಟರು ಹಿಂತಿರುಗಿ ನೋಡಿದ. ಅವಳು ತುಟಿಯ ಮೇಲೆ ಬೆರಳಿಟ್ಟು, ಇನ್ನೂ ಮುಂದಿನ ಊರಿಗೆ ಎರಡು ಟಿಕೆಟ್ ಎಂದು ಸನ್ನೆ ಮಾಡಿದಳು.